ಊರಿನ ಸರ್ಕಾರಿ ಶಾಲೆ: ಒಂದು ವರ್ಷ ಓದಿಸಿ ನೋಡಿದ ಮೇಲೆ

ಮಂಡ್ಯದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್, ಮಿಕ್ಸಿ, ಫ್ಯಾನು, ಸುಟ್ಟುಹೋದದ್ದು ಏನೇ ತಂದರೂ ಬಿಚ್ಚಿ ತಂತಿ ಸುತ್ತಿ ಕೊಡುತ್ತೇನೆ. ಮನೆ ಇರೋದು ಊರಲ್ಲಿ, ಪೇಟೆಯಿಂದ ಒಂಬತ್ತು ಕಿಲೋಮೀಟರ್, ನಾಲೆ ಪಕ್ಕ. 2025ರ ಜೂನ್‌ನಲ್ಲಿ ಮಗಳನ್ನು ಕಾನ್ವೆಂಟಿನಿಂದ ಬಿಡಿಸಿ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಎರಡನೇ ಕ್ಲಾಸಿಗೆ ಸೇರಿಸಿದೆ. ಹೊಸ ಫೋನ್ ಕೊಂಡ ಎರಡೇ ದಿನಕ್ಕೆ ರಿವ್ಯೂ ಬರೆಯೋರು ಇದ್ದಾರೆ. ನಾನು ಪೂರ್ತಿ ಒಂದು ವರ್ಷ ನೋಡಿ ಬರೆಯುತ್ತಿದ್ದೇನೆ. ಶಾಲೆ ಹೆಸರು ಹಾಕಲ್ಲ. ಹಾಕಿದರೆ ನಾಳೆ ಮೇಡಂಗೆ ಮೇಲಿನಿಂದ ಫೋನ್ ಬರುತ್ತೆ, ಅವರಿಗೆ ಯಾಕೆ ಸುಮ್ನೆ ತಲೆನೋವು.

ಸೇರಿಸಿದ್ದು ಆದರ್ಶಕ್ಕಲ್ಲ, ದುಡ್ಡಿಲ್ಲದ್ದಕ್ಕೆ. ಕಾನ್ವೆಂಟ್ ಫೀಸು ವರ್ಷಕ್ಕೆ 38,000, ವ್ಯಾನಿಗೆ ತಿಂಗಳಿಗೆ 1,200. ಕಬ್ಬಿನ ಬಿಲ್ ತಡವಾದರೆ ರೈತರು ನನಗೆ ಕೊಡೋದೂ ತಡ, ನಾನು ಕಾನ್ವೆಂಟಿಗೆ ಕಟ್ಟೋದೂ ತಡ. ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸರ್ಕಾರವೇ ಫೀಸು ಕಟ್ಟೋ ಖಾಸಗಿ ಶಾಲೆ ಸೀಟು, ಸಿಗುತ್ತಾ ಅಂತ ಮೊದಲೇ ವಿಚಾರಿಸಿದ್ದೆ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಅಂತ 2019ರಿಂದ ನಿಯಮ ಬದಲಾಗಿದೆಯಂತೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ. ಅವ್ವ ಮಾತ್ರ ಎರಡು ದಿನ ಮಾತು ಬಿಟ್ಟಿದ್ದರು. "ಅಲ್ಲ ಕನ್ಲಾ, ಇರೋ ಒಂದು ಮಗೀನ ಗೌರ್ಮೆಂಟ್ ಸ್ಕೂಲಿಗೆ ಹಾಕ್ತೀಯಾ?"

ಮೊದಲು ಚೆನ್ನಾಗಿರೋದು ಹೇಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕುರಿ ತುಂಬಿದಂಗೆ ತುಂಬಿದ್ದಾರಲ್ಲ ಅಂತ ಮೊದಲ ದಿನ ನನಗೂ ಬೇಜಾರಾಗಿತ್ತು. ಅದು ನಲಿ-ಕಲಿ ಪದ್ಧತಿ ಅಂತ ಆಮೇಲೆ ತಿಳಿಯಿತು. ಬೇರೆ ದೇಶದಿಂದ ಬಂದದ್ದೇನಲ್ಲ, 1995ರಲ್ಲಿ ಇಲ್ಲೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ್ದು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗುಂಪಿಗೆ ತಟ್ಟೆ ಅಂತಲೇ ಹೆಸರು. ಒಂದು ತಟ್ಟೆಗೆ ಮೇಡಂ ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು. ಗೋಡೆಯ ಕೆಳಗೆ, ಮಕ್ಕಳ ಕೈಗೆ ಸಿಗೋ ಎತ್ತರಕ್ಕೆ, ಸುತ್ತಲೂ ಕರಿ ಹಲಗೆ. ಪ್ರತಿ ಮಗು ತನ್ನ ಪಾಠದ ಕಾರ್ಡು ತಾನೇ ಹುಡುಕಿ ತಂದು, ಮುಗಿಸಿ, ಮುಂದಿನ ಮೆಟ್ಟಿಲಿಗೆ ಹೋಗಬೇಕು. ತಡವಾದರೆ ಯಾರೂ ಬಯ್ಯಲ್ಲ.

ಕಾನ್ವೆಂಟಿನಲ್ಲಿದ್ದಾಗ ನನ್ನ ಮಗಳು ಹನ್ನೆರಡು ಇಂಗ್ಲಿಷ್ ಪದ್ಯ ಹೇಳುತ್ತಿದ್ದಳು, ಒಂದು ಬೋರ್ಡು ಓದಲು ಬರುತ್ತಿರಲಿಲ್ಲ. ನವೆಂಬರ್‌ನಲ್ಲಿ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸಿನ ಬೋರ್ಡು ನೋಡಿ "ಮದೂರು" ಅಂದಳು. ತಕ್ಷಣ ಬೆರಳು ಗಾಳಿಯಲ್ಲೇ ನಿಂತಿತು. ಒತ್ತಕ್ಷರ ಕಂಡಿರಬೇಕು. "ಅಲ್ಲಲ್ಲ, ಮದ್ದೂರು" ಅಂತ ಜೋರಾಗಿ ಕೂಗಿದಳು. ಕಂಡಕ್ಟರ್ ತಿರುಗಿ "ಮದ್ದೂರಾ? ಹತ್ತಮ್ಮ" ಅಂದರು. 38,000 ಕೊಟ್ಟಾಗ ಆಗದಿದ್ದ ಕೆಲಸ. ಇಂಗ್ಲಿಷ್ ಈಗ ಸ್ವಲ್ಪ ಹಿಂದೆ ಬಿದ್ದಿದೆ, ಸುಳ್ಳು ಯಾಕೆ ಹೇಳಲಿ.

ಊಟಕ್ಕೂ ಹೆಸರಿಡೋ ಹಾಗಿಲ್ಲ. ಬೆಳಿಗ್ಗೆ ಪುಡಿಯಿಂದ ಮಾಡಿದ ಬಿಸಿ ಹಾಲು, ವಾರಕ್ಕೆ ಮೂರು ದಿನ ಅದರಲ್ಲೇ ರಾಗಿ ಮಾಲ್ಟ್. ಮಂಡ್ಯದ ಮಕ್ಕಳಿಗೆ ಪ್ಯಾಕೆಟ್ ರಾಗಿ ಅಂತ ಅವ್ವ ನಕ್ಕರು, ಮಗು ಕುಡಿಯುತ್ತೆ. ಮಧ್ಯಾಹ್ನ ಅನ್ನ ಸಾರು. ಮೊಟ್ಟೆ ಈಗ ವಾರಕ್ಕೆ ಆರು ದಿನ, ತಿನ್ನದವರಿಗೆ ಬಾಳೆಹಣ್ಣು. ಆದರೆ ಒಂದು ಮೊಟ್ಟೆಗೆ ಕಟ್ಟಿರೋ ಲೆಕ್ಕ 6 ರೂಪಾಯಿ, ಬೇಯಿಸೋ ಗ್ಯಾಸು, ಸಿಪ್ಪೆ ಸುಲಿಯೋ ಕೂಲಿ ಎಲ್ಲ ಅದರಲ್ಲೇ. ಡಿಸೆಂಬರ್‌ನಲ್ಲಿ ನಮ್ಮೂರ ಅಂಗಡಿಯಲ್ಲಿ ಹಸಿ ಮೊಟ್ಟೆಯೇ 7 ದಾಟಿತ್ತು. ಮಿಕ್ಕಿದ್ದು ಯಾರ ಜೇಬಿಂದ? ಮೇಡಂ ನಕ್ಕು ಸುಮ್ಮನಾದರು. ಅಡುಗೆ ಅಕ್ಕನಿಗೆ ತಿಂಗಳಿಗೆ 4,600. ಬೆಳಿಗ್ಗೆ ಬಂದವರು ಪಾತ್ರೆ ತೊಳೆದು ಹೋಗೋಷ್ಟರಲ್ಲಿ ಮೂರು ಗಂಟೆ.

ಈಗ ಬೇಜಾರಿನ ವಿಷಯ. ಶಾಲೆಯಲ್ಲಿ ಮಕ್ಕಳು 43, ಕ್ಲಾಸು ಐದು, ಟೀಚರ್ ಇಬ್ಬರು. ಇದು ಕೊರತೆ ಅಂತ ನಾನು ಜಗಳಕ್ಕೆ ಹೋದರೆ, ಕಾನೂನಿನ ಪ್ರಕಾರ ಇದೇ ಸರಿಯಂತೆ! ಆರ್‌ಟಿಇ ಕಾಯ್ದೆಯಲ್ಲಿ 60 ಮಕ್ಕಳ ತನಕ ಇಬ್ಬರು ಟೀಚರ್ ಇದ್ದರೆ ಸಾಕು. ಆಗಸ್ಟ್‌ನಲ್ಲಿ ಒಬ್ಬರಿಗೆ ವರ್ಗ ಆಯಿತು. ಅವರ ಜಾಗಕ್ಕೆ ಅತಿಥಿ ಶಿಕ್ಷಕಿ ಬಂದರು, ಡಿ.ಎಡ್ ಮಾಡಿದವರು, ತಿಂಗಳಿಗೆ 12,000, ಅದೂ ತಿಂಗಳು ತಿಂಗಳು ಬರಲ್ಲ. ನನ್ನ ಅಂಗಡಿಯಲ್ಲಿ ತಂತಿ ಸುತ್ತೋ ಹುಡುಗನಿಗೆ ನಾನು 15,000 ಕೊಡುತ್ತೇನೆ. ಅವನು ಎಸ್‌ಎಸ್‌ಎಲ್‌ಸಿ ಫೇಲು.

ಸೆಪ್ಟೆಂಬರ್ 22ಕ್ಕೆ ಜಾತಿ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋಗಲು ಸರ್ಕಾರಿ ಟೀಚರ್‌ಗಳೇ ಬೇಕು. ಅದಕ್ಕೆ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಪಕ್ಕದ ಮನೆ ಹುಡುಗ ಟೈ ಕಟ್ಟಿಕೊಂಡು ವ್ಯಾನ್ ಹತ್ತುತ್ತಿದ್ದ, ನನ್ನ ಮಗಳು ಜಗಲಿ ಮೇಲೆ ಕೂತು ಟಾಟಾ ಮಾಡುತ್ತಿದ್ದಳು. ಸಮೀಕ್ಷೆ ಬೇಡ ಅಂತ ನಾನು ಹೇಳಲ್ಲ. ಅದಕ್ಕೆ ಬೇರೆ ಜನ ಇಟ್ಟು ಸಂಬಳ ಕೊಡಬಹುದಿತ್ತು, ಅಲ್ವಾ?

ಜನವರಿಯಲ್ಲಿ ಮೇಡಂ ನನ್ನ ಅಂಗಡಿಗೇ ಬಂದರು. ಶಾಲೆಯ ಅರ್ಧ ಹೆಚ್‌ಪಿ ಮೋಟರ್ ಸುಟ್ಟಿತ್ತು. ಹದಿನೈದು ದಿನದಿಂದ ಶೌಚಾಲಯಕ್ಕೆ ನೀರಿಲ್ಲ. ಮಗಳು ಸಂಜೆ ಬ್ಯಾಗ್ ಬಿಸಾಕಿ ಸೀದಾ ಬಚ್ಚಲಿಗೆ ಓಡೋದು ಯಾಕೆ ಅಂತ ನನಗೆ ಅವತ್ತು ಹೊಳೆಯಿತು. ಬೆಳಿಗ್ಗೆಯಿಂದ ತಡೆದುಕೊಂಡು ಕೂತಿರುತ್ತಿದ್ದಳು, ನೀರೂ ಕುಡಿಯುತ್ತಿರಲಿಲ್ಲ. 1,800 ರೂಪಾಯಿ ಆಗುತ್ತೆ ಅಂದೆ. ಮೇಡಂ ಒಂದು ನಿಮಿಷ ಯೋಚಿಸಿದರು. 31ರಿಂದ 100 ಮಕ್ಕಳಿರೋ ಶಾಲೆಗೆ ವರ್ಷಕ್ಕೆ ಸಿಗೋ ಅನುದಾನ 25,000. ಸೀಮೆಸುಣ್ಣ, ಕಾಗದ, ಪೊರಕೆ, ರಿಪೇರಿ, ಎಲ್ಲ ಅದರಲ್ಲೇ. ಬರೋದು ಕಂತಿನಲ್ಲಿ. ಟೀಚರ್ ಸಂಬಳ, ಊಟ, ಪುಸ್ತಕ ಬೇರೆ ಲೆಕ್ಕ, ಅದನ್ನು ಒಪ್ಪುತ್ತೇನೆ. ಆದರೂ ನನ್ನ ಒಬ್ಬಳೇ ಮಗಳಿಗೆ ಕಾನ್ವೆಂಟ್ 38,000 ತಗೊಳ್ಳುತ್ತಿತ್ತು. 43 ಮಕ್ಕಳ ಶಾಲೆಯನ್ನು ವರ್ಷಪೂರ್ತಿ ನಡೆಸೋಕೆ 25,000 ಅಂದರೆ ನೀವೇ ಹೇಳಿ. ಮೋಟರ್ ಸುತ್ತಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಪಂಪ್‌ಸೆಟ್ ಅಂಗಡಿಯವನ ಮಗಳು ಓದದ ಊರಿನ ಶಾಲೆಯಲ್ಲಿ ಏನು ಮಾಡುತ್ತಾರೆ ಅನ್ನೋದು ನನ್ನ ಪ್ರಶ್ನೆ.

ನನ್ನ ಹತ್ತಿರ ಸುಟ್ಟ ಮೋಟರ್ ತರೋ ರೈತರು ಮೊದಲು ಕಂಪನಿಯನ್ನು ಬೈತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಮೋಟರ್ ಒಳ್ಳೇದೇ ಇರುತ್ತೆ. ಓಲ್ಟೇಜ್ ಸಾಲದೆ ಎಳೆದೂ ಎಳೆದೂ ಕಾಯಿಲ್ ಕರಕಲಾಗಿರುತ್ತೆ. ಸರ್ಕಾರಿ ಶಾಲೆ ಸರಿಯಿಲ್ಲ ಅನ್ನೋರಿಗೂ ನಾನು ಇದನ್ನೇ ಹೇಳೋದು. ಇಲ್ಲಿ ದುಡ್ಡು ಬಂದ ಕಡೆ ಕೆಲಸ ಚೆನ್ನಾಗಿ ನಡೆದಿದೆ: ಹಾಲು, ಊಟ, ಪುಸ್ತಕ, ಸಮವಸ್ತ್ರ. ಬರದ ಕಡೆ ನಿಂತಿದೆ.

"ಸರ್ಕಾರ ಸುರೀತಾನೇ ಅದೆ, ಮಕ್ಕಳೇ ಬರಲ್ವಲ್ಲ" ಅಂತ ಅಂಗಡಿ ಮುಂದೆ ಕೂತ ಅಣ್ಣ ಒಬ್ಬರು ವಾದ ಹೂಡಿದರು. ಕ್ಲಾಸಿಗೊಬ್ಬ ಟೀಚರ್ ಇಲ್ಲ ಅಂತ ಮಕ್ಕಳು ಹೋಗುತ್ತಾರೆ. ಮಕ್ಕಳು ಕಮ್ಮಿಯಾದರು ಅಂತ ಟೀಚರ್ ಕಮ್ಮಿ ಮಾಡುತ್ತಾರೆ. ಆಗ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಇದನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕಾದರೆ ಟೀಚರ್ ಮೊದಲು ಕೊಡಬೇಕು, ಮಕ್ಕಳು ಆಮೇಲೆ ಬರುತ್ತಾರೆ. 2019ರ ಮಾತಿಗೆ ಈಗ ಬರುತ್ತೇನೆ. ನಮ್ಮದೇ ಶಾಲೆ ಪಕ್ಕದಲ್ಲಿರುವಾಗ ಖಾಸಗಿಯವರಿಗೆ ಫೀಸು ಯಾಕೆ ಕಟ್ಟಬೇಕು ಅಂತ ಸರ್ಕಾರದವರು ಅಂದರು. ನ್ಯಾಯವಾದ ಮಾತೇ. ಹಾಗಾದರೆ ಆ ನಮ್ಮದೇ ಶಾಲೆಗೆ ಒಂದೊಂದು ಕ್ಲಾಸಿಗೆ ಒಬ್ಬೊಬ್ಬ ಕಾಯಂ ಟೀಚರ್, ಶೌಚಾಲಯ ತೊಳೆಯೋಕೆ ಸಂಬಳ ಕೊಟ್ಟು ಒಬ್ಬರು, ಜೂನ್‌ನಲ್ಲೇ ಪೂರ್ತಿ ಅನುದಾನ, ಇಷ್ಟು ಕೊಡಿ.

ದುಡ್ಡೆಲ್ಲಿದೆ ಅಂತ ಕೇಳಬೇಡಿ. ದೇಶದ ವರಮಾನದಲ್ಲಿ ನೂರಕ್ಕೆ 6 ಶಿಕ್ಷಣಕ್ಕೆ ಇಡಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಅದೇ 6 ಬರೆದಿದ್ದಾರೆ, ಇನ್ನೂ ಮುಟ್ಟಿಲ್ಲ. ನಮ್ಮ ಅಂಗಡಿಯಲ್ಲಿ ವಿಶ್ವೇಶ್ವರಯ್ಯನವರ ಫೋಟೋ ಇದೆ, ಮಂಡ್ಯದಲ್ಲಿ ಬಹಳ ಕಡೆ ಇರುತ್ತೆ. ಕನ್ನಂಬಾಡಿ ಕಟ್ಟೆಗಾಗಿ ಹೂ ಹಾಕುತ್ತೇವೆ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ತಂದದ್ದು ನಮಗೆ ಯಾರಿಗೂ ನೆನಪಿಲ್ಲ.

ಸ್ಟಾರ್ ಕೊಡಬೇಕಲ್ಲ. ಮೇಡಂಗೆ ಐದಕ್ಕೆ ನಾಲ್ಕೂವರೆ. ಹೋಂವರ್ಕ್ ತಿದ್ದೋದು ತಡ, ಅದಕ್ಕೆ ಅರ್ಧ ಕಟ್. ಅಡುಗೆ ಅಕ್ಕನಿಗೆ ಐದು. ದುಡ್ಡು ಕಳಿಸೋರಿಗೆ ಎರಡು, ಅದೂ ಮೊಟ್ಟೆಗೆ.

ಜೂನ್‌ಗೆ ಮಗಳು ಮೂರನೇ ಕ್ಲಾಸು, ಅಲ್ಲೇ ಓದುತ್ತಾಳೆ. ತಂಗಿ ಮಗನನ್ನೂ ಒಂದನೇ ಕ್ಲಾಸಿಗೆ ಸೇರಿಸು ಅಂತ ಹೇಳುತ್ತಿದ್ದೇನೆ. ಮೊನ್ನೆ ಬಂದು ಶಾಲೆ ನೋಡಿದಳು, ಹಲಗೆ, ಕಾರ್ಡು ಎಲ್ಲ ಇಷ್ಟ ಆಯಿತು. ಹೊರಗೆ ಬಂದವಳು ಶೌಚಾಲಯದ ಕಡೆ ನೋಡಿ "ನೀರು ಬರ್ತದಾ ಅಣ್ಣ?" ಅಂದಳು. ಮೋಟರ್ ನಾನೇ ಸುತ್ತಿದ್ದೀನಿ, ಬರ್ತದೆ ಅಂದೆ.

"ತೊಳೆಯೋರು?" ಅಂದಳು.