ಕಿವಿ ಪರೀಕ್ಷೆ ಮಾಡಿಸದೆ ಸ್ಪೀಚ್ ಥೆರಪಿಗೆ ಹಣ ಕಟ್ಟಬೇಡಿ

ಮೂರು ವರ್ಷದ ಮಗು. ಬಿಡಿ ಪದಗಳಷ್ಟೇ ಆಡುತ್ತಿತ್ತು, ಕರೆದರೆ ಒಮ್ಮೊಮ್ಮೆ ಮಾತ್ರ ತಿರುಗಿ ನೋಡುತ್ತಿತ್ತು. ಥೆರಪಿಸ್ಟ್ ಹತ್ತು ನಿಮಿಷ ನೋಡಿ, ಆರು ತಿಂಗಳ ಪ್ಯಾಕೇಜಿಗೆ ಮುಂಗಡವಾಗಿ ಪೂರ್ತಿ ಹಣ ಕಟ್ಟಿಸಿಕೊಂಡರು. ಪ್ಯಾಕೇಜ್ ಮುಗಿದರೂ ಮಾತು ಇದ್ದಲ್ಲೇ ಇತ್ತು. ಆಮೇಲೆ ಬೇರೆ ಕಡೆ ತೋರಿಸಿದಾಗ ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ತುಂಬಿಕೊಂಡಿದ್ದು ಗೊತ್ತಾಯಿತು.

ಚಿಕ್ಕ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಎಷ್ಟೋ ಸಲ ನೋವೇ ಇರುವುದಿಲ್ಲ. ನೆಗಡಿಯಾದಾಗ ಹೆಚ್ಚಿ ಮತ್ತೆ ತಗ್ಗುವುದರಿಂದ ಒಂದು ವಾರ ಚೆನ್ನಾಗಿ ಕೇಳಿಸುತ್ತದೆ, ಮುಂದಿನ ವಾರ ಇಲ್ಲ. ಮನೆಯವರು ಅದನ್ನು ಹಟ ಅಂದುಕೊಳ್ಳುತ್ತಾರೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿತ್ತು ಎಂಬುದು ಸಾಲದು, ದ್ರವ ಆಮೇಲೆ ತುಂಬಿರಬಹುದು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡುವುದೂ ಪರೀಕ್ಷೆಯಲ್ಲ. ಚಪ್ಪಾಳೆ ಕೇಳುವ ಮಗುವಿಗೆ 'ಸ', 'ತ'ದಂಥ ಮೆಲುದನಿಯ ವ್ಯಂಜನಗಳು ಕೇಳದಿರಬಹುದು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಟಿಂಪನೊಮೆಟ್ರಿಯನ್ನೂ (ತಮಟೆಯ ಹಿಂದೆ ದ್ರವ ಇದೆಯೇ ಎಂದು ನೋಡುವ ಪರೀಕ್ಷೆ) ವಯಸ್ಸಿಗೆ ತಕ್ಕ ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಎರಡೂ ಬೇಕು.

ಇನ್ನು ಆ ಆರು ತಿಂಗಳು ಒಳಗೆ ನಡೆದದ್ದೇನು? ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು, ನಾಲಿಗೆ ಹೊರಚಾಚಿಸುವುದು. ಇಂಥ ಕಸರತ್ತಿನಿಂದ ಮಾತು ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮಾತಿಗೆ ಬೇಕಾದ ಬಲ ಬಹಳ ಕಡಿಮೆ; ನಾಲಿಗೆ ಸರಿಯಾದ ಹೊತ್ತಿಗೆ ಸರಿಯಾದ ಜಾಗ ಮುಟ್ಟುವುದು ಮುಖ್ಯ, ಅದು ಮಾತಾಡಿಯೇ ಕೂಡಿಬರಬೇಕು. (ಗುಳ್ಳೆ ಊದಿ ನಿಲ್ಲಿಸಿ, ಮಗು 'ಇನ್ನೂ' ಅಂತ ಕೇಳುವವರೆಗೆ ಕಾಯುವುದು ಬೇರೆ ಮಾತು, ಅದು ಒಳ್ಳೆಯ ಆಟ.)

ಗುರಿ ಬರವಣಿಗೆಯಲ್ಲಿರಲಿ. 'ಮಾತು ಸುಧಾರಿಸುವುದು' ಗುರಿಯಲ್ಲ. 'ಆಟದಲ್ಲಿ ಎರಡು ಪದ ಸೇರಿಸಿ ಕೇಳುವುದು, 10 ಅವಕಾಶಗಳಲ್ಲಿ 8 ಸಲ' ಎಂದಿದ್ದರೆ ಮೂರು ತಿಂಗಳಿಗೊಮ್ಮೆ ಎಣಿಸಿ ನೋಡಬಹುದು. ಅಂಕಿ ಅಲುಗದಿದ್ದರೆ ವಿಧಾನ ಬದಲಾಗಬೇಕು.

ಬಾಗಿಲು ಹಾಕಿಕೊಂಡು ತಂದೆತಾಯಿಯನ್ನು ಹೊರಗೇ ಕೂರಿಸುವ ಕಡೆಯೂ ಬೇಡ. ಥೆರಪಿ ವಾರಕ್ಕೆ ಒಂದೆರಡು ಗಂಟೆ, ಉಳಿದದ್ದೆಲ್ಲ ಮನೆಯಲ್ಲೇ. ನೀವು ನೋಡದಿದ್ದರೆ ಮನೆಯಲ್ಲಿ ಮಾಡಿಸುವುದು ಹೇಗೆ? ನೀವು ಎದುರಿಗಿದ್ದರೆ ಮಗು ಕೂರುವುದಿಲ್ಲ ಎಂದರೆ ವಿಡಿಯೊ ಕೇಳಿ, ಇಲ್ಲವೇ ಕೊನೆಯ ಹತ್ತು ನಿಮಿಷ ಒಳಗೆ ಬರುತ್ತೇವೆ ಎನ್ನಿ.

ಮನೆಮಾತು ಬಿಟ್ಟು ಒಂದೇ ಭಾಷೆ ಆಡಿ ಎನ್ನುವವರನ್ನು ನಂಬಬೇಡಿ, ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಇಷ್ಟು ದಿನದಲ್ಲಿ ಮಾತು ಗ್ಯಾರಂಟಿ ಎನ್ನುವವರಂತೂ ಬೇಡವೇ ಬೇಡ.

ಈಗಾಗಲೇ ಇಂಥ ಕಡೆ ಸೇರಿಸಿದ್ದರೆ, ಬಿಡುವ ಮುನ್ನ ಅಸೆಸ್‌ಮೆಂಟ್ ವರದಿ ಮತ್ತು ಸೆಷನ್ ಟಿಪ್ಪಣಿಗಳನ್ನು ಕೇಳಿ ಪಡೆಯಿರಿ. ಕಿವಿ ಪರೀಕ್ಷೆಗೆ ಮಾತ್ರ ಹೊಸ ಥೆರಪಿಸ್ಟ್ ಸಿಗುವವರೆಗೆ ಕಾಯಬೇಡಿ.