ಮಾತ್ರೆ ಬಿಡಿಸುವ ಗ್ರೂಪು: ನನಗಾದದ್ದು ನಿಮಗಾಗದಿರಲಿ

ನನಗೆ ಖಿನ್ನತೆ ಇದೆ. ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ಇರುವುದು ವಿಜಯನಗರದ ಪಿಜಿಯಲ್ಲಿ. ಮನೆಯಲ್ಲಿ ಹೇಳಿಕೊಂಡರೆ "ಸುಮ್ನೆ ಯೋಚನೆ ಮಾಡ್ತೀಯ" ಅನ್ನುತ್ತಾರೆ. ಹಾಗಾಗಿ ಖಿನ್ನತೆ ಇರುವವರದ್ದೇ ಒಂದು ವಾಟ್ಸಾಪ್ ಗ್ರೂಪ್ ಸಿಕ್ಕಾಗ ಹೋದ ಜೀವ ಬಂದ ಹಾಗಾಯಿತು.

"ಇವತ್ತು ಸ್ನಾನ ಮಾಡಿದೆ" ಅಂತ ಹಾಕಿದರೆ ಹತ್ತು ಜನ ಭೇಷ್ ಅನ್ನುತ್ತಿದ್ದರು. ನಗಬೇಡಿ, ನಮಗೆ ಅದು ದೊಡ್ಡ ವಿಷಯ.

ಆಮೇಲೆ ಅಡ್ಮಿನ್ ಅಕ್ಕ ನನಗೊಬ್ಬಳಿಗೇ ಮೆಸೇಜ್ ಮಾಡತೊಡಗಿದರು. ಮೊದಮೊದಲು ಊಟ ಆಯ್ತಾ, ನಿದ್ದೆ ಬಂತಾ. ನಂತರ, "ಎಷ್ಟು ದಿನ ಅಂತ ಆ ಮಾತ್ರೆ ನುಂಗ್ತೀಯಮ್ಮ? ನಾನೂ ಬಿಟ್ಟೆ. ನೋಡು ಹೇಗಿದ್ದೀನಿ." ಅವರೂ ಅನುಭವಿಸಿದವರು ಅಲ್ವಾ? ನಂಬಿದೆ. ಒಂದು ಸೋಮವಾರ ಮಾತ್ರೆ ಪೂರ್ತಿ ನಿಲ್ಲಿಸಿದೆ.

ಮೂರನೇ ದಿನಕ್ಕೆ ತಲೆಸುತ್ತು. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಮೆಟ್ರೋದಲ್ಲಿ ಕಂಬ ಹಿಡಿದು ನಿಂತವಳು ಮೆಜೆಸ್ಟಿಕ್‌ನಲ್ಲಿ ಇಳಿಯಲಾಗದೆ ಮುಂದೆ ಹೋಗಿಬಿಟ್ಟೆ. ಅಕ್ಕನನ್ನು ಕೇಳಿದರೆ "ವಿಷ ಹೊರಗೆ ಬರ್ತಿದೆ, ತಡ್ಕೋ" ಅಂದರು. ಬೆನ್ನಿಗೇ 21 ದಿನದ ಕೋರ್ಸ್, 6,500 ರೂಪಾಯಿ. ಕಟ್ಟಿದೆ ಕೂಡ, ಏನು ಹೇಳಲಿ.

ಮೂರನೇ ವಾರ ಒಂದು ರಾತ್ರಿ ಬದುಕೇ ಬೇಡ ಅನ್ನಿಸಿತು. ಗ್ರೂಪಿನಲ್ಲಿ ಬರೆದೆ. ನಲವತ್ತು ಜನ ಓದಿದ್ದು ಕಾಣುತ್ತಿತ್ತು. ಬಂದದ್ದು ಒಂದು ಕೈ ಮುಗಿದ ಎಮೋಜಿ. ಸ್ವಲ್ಪ ಹೊತ್ತಿಗೆ ಅಡ್ಮಿನ್ ನನ್ನ ಮೆಸೇಜನ್ನೇ ಅಳಿಸಿದರು: "ಇಲ್ಲಿ ನೆಗೆಟಿವ್ ಬೇಡ."

ಟೆಲಿ ಮಾನಸ್‌ಗೆ ಫೋನ್ ಮಾಡಿದೆ, 14416. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಮೊದಲು ಕೇಳಿದ್ದು, "ಈಗ ನಿಮ್ಮ ಜೊತೆ ಯಾರಿದ್ದಾರೆ?" ಎರಡನೆಯದು, "ಮಾತ್ರೆ ಯಾವಾಗ ನಿಲ್ಲಿಸಿದ್ರಿ?" ಪಕ್ಕದ ರೂಮಿನವಳನ್ನು ಎಬ್ಬಿಸುವ ತನಕ ಅವರು ಫೋನ್ ಇಡಲಿಲ್ಲ.

ಮರುದಿನ ನನ್ನ ಡಾಕ್ಟರು ಬೈಯಲಿಲ್ಲ. ವಿಷವೂ ಅಲ್ಲ, ಮಣ್ಣೂ ಅಲ್ಲ, ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ ಅಂದರು. ಬಿಡುವುದಿದ್ದರೆ ಅವರನ್ನು ಕೇಳಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ.

ಇಂಥ ಗ್ರೂಪೆಲ್ಲ ಕೆಟ್ಟದ್ದಲ್ಲ. ಈಗಲೂ ಒಂದರಲ್ಲಿದ್ದೇನೆ, ಹನ್ನೆರಡೇ ಜನ. ಅಲ್ಲಿ ಮಾತ್ರೆ ಬಿಡಿ ಅಂದವರನ್ನು ಅವತ್ತೇ ತೆಗೆಯುತ್ತಾರೆ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಚಿಕಿತ್ಸೆ ಅಂತ ಕೋರ್ಸ್ ಮಾರಿದರೆ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನಾನು ಅಕ್ಕನನ್ನು ಕೇಳಿದೆ. ಹತ್ತೇ ನಿಮಿಷಕ್ಕೆ ಗ್ರೂಪಿನಿಂದ ಹೊರಗೆ ಹಾಕಿದರು.