ಫೈರ್‌ಫಾಕ್ಸ್ ದೀರ್ಘಕಾಲದ ಬಳಕೆ: ಮೆಮೊರಿ ನುಂಗುತ್ತಿದ್ದ ಆಡ್-ಆನ್ ಪತ್ತೆಯಾದ ಬಗೆ

ನಾನು ಫೈರ್‌ಫಾಕ್ಸ್ ಬ್ರೌಸರ್ ಬಳಸಲು ತೊಡಗಿದ್ದು 2012ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಬಂದ 15ನೇ ಆವೃತ್ತಿಯು, ಟ್ಯಾಬ್ ಮುಚ್ಚಿದ ಮೇಲೂ ಅದರ ಮೆಮೊರಿಯನ್ನು ಆಡ್-ಆನ್‌ಗಳು (ಬ್ರೌಸರ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳು) ಬಿಡದೆ ಹಿಡಿದಿಟ್ಟುಕೊಳ್ಳುವ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತ್ತು. ಆದರೆ ಆಡ್-ಆನ್ ತನ್ನೊಳಗೇ ಕೂಡಿಟ್ಟುಕೊಳ್ಳುವ ಮಾಹಿತಿಯನ್ನು ಬ್ರೌಸರ್ ತಾನಾಗಿ ಅಳಿಸಲಾರದು ಎಂಬುದು ನನಗೆ ಮನದಟ್ಟಾದದ್ದು ಕಳೆದ ವರ್ಷ.

ಬೆಳಿಗ್ಗೆ ಚುರುಕಾಗಿದ್ದ ಬ್ರೌಸರ್ ಸಂಜೆಯಾಗುತ್ತಲೇ ಟೈಪ್ ಮಾಡಿದ ಅಕ್ಷರ ಮೂಡಿಸಲೂ ತಡವರಿಸುತ್ತಿತ್ತು. ಟ್ಯಾಬ್‌ಗಳನ್ನೆಲ್ಲ ಮುಚ್ಚಿದರೂ ಮೆಮೊರಿ ಬಳಕೆ ಇಳಿಯುತ್ತಿರಲಿಲ್ಲ. ವಿಳಾಸದ ಪಟ್ಟಿಯಲ್ಲಿ ಹೆಸರು ಟೈಪ್ ಮಾಡಿ ತೆರೆಯುವ, ಬ್ರೌಸರ್‌ನದೇ ಆದ ‘ಅಬೌಟ್:ಪ್ರೊಸೆಸಸ್’ (about:processes) ಪುಟ ನೋಡಿದಾಗ ಎಕ್ಸ್‌ಟೆನ್ಶನ್‌ಗಳ, ಅಂದರೆ ಆಡ್-ಆನ್‌ಗಳ, ಪ್ರೊಸೆಸ್ (ಬ್ರೌಸರ್‌ನ ಪ್ರತ್ಯೇಕವಾಗಿ ನಡೆಯುವ ಭಾಗ) ಒಂದೇ 2 ಜಿಬಿ ದಾಟಿತ್ತು. ಆಡ್-ಆನ್‌ಗಳೆಲ್ಲ ಅದೇ ಪ್ರೊಸೆಸ್‌ನಲ್ಲಿ ನಡೆಯುವುದರಿಂದ ತಪ್ಪು ಯಾವುದರದ್ದೆಂದು ಅಲ್ಲಿ ತಿಳಿಯಲಿಲ್ಲ.

ನೆರವಿಗೆ ಬಂದದ್ದು ‘ಅಬೌಟ್:ಮೆಮೊರಿ’ ಪುಟ. ಅಲ್ಲಿ ಮೊದಲು ‘ಮಿನಿಮೈಸ್’ ಗುಂಡಿ ಒತ್ತಿ, ಬೇಡವಾದದ್ದೆಲ್ಲ ತೆರವಾದ ಮೇಲೆ ‘ಮೆಷರ್’ ಒತ್ತಬೇಕು. ಆಗಲೂ ಉಳಿಯುವ ದೊಡ್ಡ ಮೊತ್ತವೆಂದರೆ ಯಾವುದೋ ಕೋಡ್ ಅದನ್ನು ಇನ್ನೂ ಹಿಡಿದುಕೊಂಡಿದೆ ಎಂದರ್ಥ. ವರದಿಯಲ್ಲಿ ಆ ಮೊತ್ತದ ಮುಂದೆ ಹೆಸರಿನ ಬದಲು ಅಂಕಿ-ಅಕ್ಷರಗಳ ಉದ್ದನೆಯ ಗುರುತು ಇತ್ತು. ‘ಅಬೌಟ್:ಡಿಬಗ್ಗಿಂಗ್’ ಪುಟದಲ್ಲಿ ಪ್ರತಿ ಆಡ್-ಆನ್‌ನ ಕೆಳಗೆ ಕಾಣುವ ಆಂತರಿಕ ಗುರುತಿನೊಂದಿಗೆ ಅದನ್ನು ತಾಳೆ ನೋಡಿದಾಗ, ಪುಟಗಳ ಚಿತ್ರ ಸೆರೆಹಿಡಿಯುವ ಆಡ್-ಆನ್ ಒಂದು ಸಿಕ್ಕಿಬಿದ್ದಿತು. ಅದನ್ನು ನಿಷ್ಕ್ರಿಯಗೊಳಿಸಿದೊಡನೆ ಮೆಮೊರಿ ಬಳಕೆ ಇಳಿಯಿತು.

ತೊಂದರೆ ಪತ್ತೆಗೆಂದೇ ಫೈರ್‌ಫಾಕ್ಸ್‌ನಲ್ಲಿರುವ ಟ್ರಬಲ್‌ಶೂಟ್ ಮೋಡ್ ಅನ್ನೂ ಪ್ರಯತ್ನಿಸಿದ್ದೆ. ಆದರೆ ಅದು ಆಡ್-ಆನ್‌ಗಳ ಜೊತೆಗೆ ಹಾರ್ಡ್‌ವೇರ್ ಆಕ್ಸೆಲರೇಷನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ವ್ಯವಸ್ಥೆ) ಅನ್ನೂ ನಿಲ್ಲಿಸುತ್ತದೆ. ಹಾಗಾಗಿ ಅಲ್ಲಿ ತೊಂದರೆ ಮಾಯವಾದ ಮಾತ್ರಕ್ಕೆ ಆಡ್-ಆನ್ ಮೇಲೆ ತಪ್ಪು ಹೊರಿಸುವುದು ಅವಸರದ ತೀರ್ಮಾನವಾಗುತ್ತದೆ.

ಇಷ್ಟೊಂದು ಆಳವಾಗಿ ಪರಿಶೀಲಿಸುವ ಸೌಲಭ್ಯ ಬ್ರೌಸರ್‌ನಲ್ಲಿಯೇ ಇರುವುದನ್ನು ನಾನು ಬಹಳ ಮೆಚ್ಚುತ್ತೇನೆ. ಆದರೂ ಗುರುತುಗಳನ್ನು ತಾಳೆ ಹಾಕುವ ಕೆಲಸ ಎಲ್ಲರಿಗೂ ಸಲೀಸಲ್ಲ. ಪ್ರತಿ ಆಡ್-ಆನ್‌ನ ಹೆಸರಿನ ಮುಂದೆಯೇ ಅದರ ಮೆಮೊರಿ ಬಳಕೆ ಕಾಣುವಂತಾಗಬೇಕೆಂದು ನನ್ನ ಬಯಕೆ.

ಅಳತೆಯ ವರದಿಯನ್ನು ಉಳಿಸಿ ಆಡ್-ಆನ್ ರೂಪಿಸಿದವರಿಗೆ ಕಳುಹಿಸಿದೆ. ತೆರೆದಿದ್ದ ಪುಟಗಳ ವಿಳಾಸಗಳೂ ಅದರಲ್ಲಿ ಸೇರಿರುತ್ತವೆ, ಆದ್ದರಿಂದ ಉಳಿಸುವ ಮೊದಲು ‘ಅನಾನಿಮೈಸ್’ ಆಯ್ಕೆಗೆ ಗುರುತು ಹಾಕಲೇಬೇಕು. ಸೆರೆಹಿಡಿದ ಚಿತ್ರಗಳು ಟ್ಯಾಬ್ ಮುಚ್ಚಿದ ಮೇಲೂ ಅಳಿಯದೆ ಉಳಿಯುತ್ತಿದ್ದವೆಂದು ಅವರು ಒಪ್ಪಿಕೊಂಡು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು. ಈಗ ದಿನವಿಡೀ ಬಳಸಿದರೂ ಆ ಪ್ರೊಸೆಸ್ 300 ಎಂಬಿಯ ಆಸುಪಾಸಿನಲ್ಲೇ ಇರುತ್ತದೆ.